ಮುಚ್ಚಿದ ಪುಸ್ತಕ

ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಹುಡುಗಿಯ ತೊಡೆಯ ಮೇಲೆ ಪುಸ್ತಕ ತೆರೆದಿದ್ದರೆ ಅವಳು ಓದುತ್ತಿದ್ದಾಳೆ, ಮುಚ್ಚಿದ್ದರೆ ಬಿಡುವಾಗಿದ್ದಾಳೆ. ಬಿಡುವಾಗಿರುವ ಹುಡುಗಿಯನ್ನು ಕರೆದು ಬೆಳ್ಳುಳ್ಳಿ ಬಿಡಿಸಲು ಕೂರಿಸದಿದ್ದರೆ ನಮಗೆ ತಾಯಂದಿರಿಗೆ ಸಮಾಧಾನವಿಲ್ಲ. ಮಗಳು ಕಾಲೇಜಿಗೆ ಹೋದರೂ ಈ ಕಾನೂನು ಬದಲಾಗುವುದಿಲ್ಲ. ಅವಳ ಓದು ಕೆಡುತ್ತಿರುವುದು ಇದರಿಂದಲೇ ಎಂಬುದು ನನ್ನ ವಾದ. ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಮೊದಲ ಅಪರಾಧಿ ನಾನೇ. ನನ್ನ ಮಗಳು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ಸಂಜೆ ಪುಸ್ತಕ ಮುಚ್ಚಿಟ್ಟು ಗೋಡೆ ನೋಡುತ್ತಾ ಕೂತಿರುತ್ತಿದ್ದಳು.

"ಏನೇ, ಕನಸು ಕಾಣ್ತಿದ್ದೀಯಾ? ಬಾ, ಅಕ್ಕಿ ಆರಿಸು" ಎಂದೆ.

"ಓದಿದ್ದು ನೆನಪು ಮಾಡ್ಕೋತಿದ್ದೆ ಅಮ್ಮಾ."

"ಓದೋದು ಅಂದ್ರೆ ಪುಸ್ತಕ ನೋಡ್ಕೊಂಡು ಓದೋದು!"

ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿಂದ ಬಂದ ಮಾತಿದು. ಮಗಳು ಜಾಣೆ, ಬೇಗ ಕಲಿತಳು. ಅಂದಿನಿಂದ ಪುಸ್ತಕ ಸದಾ ತೆರೆದೇ ಇರುತ್ತಿತ್ತು. ಒಂದೇ ಪಾಠವನ್ನು ನಾಲ್ಕು ಸಲ ಓದಿದಳು, ಸಾಲುಗಳ ಕೆಳಗೆ ಬಣ್ಣಬಣ್ಣದ ಗೆರೆ ಎಳೆದಳು. ಆ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರದಲ್ಲಿ ಫೇಲಾದಳು. "ಪುಸ್ತಕ ನೋಡಿದಾಗ ಎಲ್ಲಾ ಗೊತ್ತಿತ್ತು, ಹಾಳೆ ನೋಡಿದಾಗ ಏನೂ ಬರಲಿಲ್ಲ" ಎಂದು ಅತ್ತಳು.

2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಎಂಬುವರು ಕಾಲೇಜು ವಿದ್ಯಾರ್ಥಿಗಳನ್ನೇ ಕೂರಿಸಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗದ್ಯಭಾಗವನ್ನು ಕೆಲವರು ಮತ್ತೆ ಓದಿದರು. ಉಳಿದವರು ಅದನ್ನು ನೋಡದೆ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ನೋಡಿದರೆ ನೋಡದೆ ಬರೆದವರು ಮುಂದು! ವಿಶ್ವವಿದ್ಯಾಲಯದ ಪರೀಕ್ಷೆ 5 ನಿಮಿಷದಲ್ಲಿ ಬರುತ್ತದೆಯೇ? ಮತ್ತೆ ಮತ್ತೆ ಓದಿದಾಗ ಅಕ್ಷರಗಳ ಮುಖಪರಿಚಯವಾಗುತ್ತದೆ, ಅಷ್ಟೆ. ದಾರಿಯಲ್ಲಿ ದಿನಾ ಕಾಣುವ ಹೆಂಗಸಿನ ಹೆಸರು ನಮಗೆ ಗೊತ್ತಿರುತ್ತದೆಯೇನು?

ಹಾಗಾದರೆ ಹುಡುಗಿ ಮಾಡಬೇಕಾದ್ದೇನು? ಸಂಜೆ ಬಂದು, ಅಂದಿನ ಪಾಠವನ್ನು ನೋಟ್ಸು ಮುಚ್ಚಿಟ್ಟು ಯಾವುದಾದರೂ ಹಳೆಯ ಹಾಳೆಯ ಹಿಂಬದಿಗೆ ಬರೆಯಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳಾದರೆ ಕನ್ನಡದಲ್ಲೇ ಬರೆಯಲಿ. ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಉರುಹೊಡೆಯುವುದಕ್ಕಿಂತ ಅದು ಸಾವಿರ ಪಾಲು ಮೇಲು. ಇಂಗ್ಲಿಷ್ ಮಾತುಗಳು ಆಮೇಲೆ ಸೇರುತ್ತವೆ. ನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಲಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಪರೀಕ್ಷೆಯ ಹಿಂದಿನ ದಿನ ಕೊಳ್ಳುವ ಗೈಡಿನ ಬಗ್ಗೆ ನಾನು ಮಾತಾಡುವುದೇ ಇಲ್ಲ.

ಇದಕ್ಕೆ ಕಾಸು ಬೇಡ, ಟ್ಯೂಷನ್ ಬೇಡ. ಯಾರೂ ಕರೆಯದ ಒಂದು ಗಂಟೆ ಬೇಕು. ಅದನ್ನೇ ನಾವು ಕೊಡುವುದಿಲ್ಲ. ಮಗ ಪುಸ್ತಕ ಮುಚ್ಚಿ ಕೂತರೆ "ಯೋಚನೆ ಮಾಡ್ತಿದಾನೆ, ಮಾತಾಡಿಸಬೇಡಿ" ಎನ್ನುತ್ತೇವೆ. ಮಗಳು ರಾತ್ರಿ ಹನ್ನೊಂದಕ್ಕೆ ಪಾತ್ರೆ ಮುಗಿಸಿದ ಮೇಲೆ "ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದ್ಕೋ, ಚೆನ್ನಾಗಿ ತಲೆಗೆ ಹೋಗತ್ತೆ" ಎಂದು ಉಪದೇಶ ಮಾಡುತ್ತೇವೆ. ಐದು ಗಂಟೆ ನಿದ್ದೆಯ ತಲೆಗೆ ಏನು ಹೋಗುತ್ತದೆ, ತೂಕಡಿಕೆ!

ಮಗಳು ಆ ಪತ್ರಿಕೆಯನ್ನು ಮತ್ತೆ ಬರೆದು ಪಾಸಾದಳು, ಗೋಡೆ ನೋಡಿಕೊಂಡೇ. ಹಾಗಾದರೆ ಮನೆಗೆಲಸ ಯಾರು ಮಾಡಬೇಕು ಎಂದು ನೆರೆಮನೆಯಾಕೆ ಕೇಳಿದರು. ನಮ್ಮಲ್ಲಿ ಬೆಳ್ಳುಳ್ಳಿ ಬಿಡಿಸುವುದು ಈಗ ಯಜಮಾನರ ಪಾಲಿಗೆ ಬಂದಿದೆ. ಸಿಪ್ಪೆ ಪೂರ್ತಿ ಹೋಗಿರುವುದಿಲ್ಲ. ಹಾಗೇ ಒಗ್ಗರಣೆಗೆ ಹಾಕುತ್ತೇನೆ.