ತೆರೆಯೂ ಟ್ರಾನ್ಸೂ ಒಂದೇ ಅಲ್ಲ



ಕಳೆದ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಿಂದಿನ ಬೆಂಚಿನಲ್ಲಿ ಕುಳಿತು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ ನನ್ನಿಂದ ಎಷ್ಟೋ ಸಲ ಬೈಸಿಕೊಂಡಿದ್ದ ಹುಡುಗ. ಈಗ ತಂದೆಯ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಾನೆ. ಜನವರಿಯಲ್ಲಿ ತೋಟದಲ್ಲಿ ಎರಡು ರಾತ್ರಿಗಳ ‘ಸೈಕೆಡೆಲಿಕ್ ಟ್ರಾನ್ಸ್’ ಸಂಗೀತೋತ್ಸವವನ್ನು ಏರ್ಪಡಿಸುವ ಆಲೋಚನೆ ಅವನದು. “ಮೇಷ್ಟ್ರೇ, ಕನ್ನಡದ ಕರೆಯೋಲೆಯನ್ನು ನೀವೇ ಬರೆದುಕೊಡಬೇಕು” ಎಂದು ಇಂಗ್ಲಿಷಿನ ಕರಡೊಂದನ್ನು ಮುಂದಿಟ್ಟ. ಕೊಡಗಿನ ತೆರೆ, ದುಡಿಕೊಟ್ಟ್ ಪಾಟ್, ದೇವರಕಾಡು ಎಲ್ಲವೂ ಅದರಲ್ಲಿದ್ದವು. ಈ ಸಂಗೀತವು ಸಾವಿರಾರು ವರ್ಷಗಳ ಆ ಪರಂಪರೆಯ ಮುಂದುವರಿಕೆಯೇ ಆಗಿದೆಯೆಂದು ಅದು ಸಾರುತ್ತಿತ್ತು.

ನಾನು ಬರೆಯಲಾರೆನೆಂದೆ. “ನೀವು ಆ ಸಂಗೀತವನ್ನು ಕೇಳಿಯೇ ಇಲ್ಲವಲ್ಲ ಮೇಷ್ಟ್ರೇ” ಎಂದು ಅವನು ಎದ್ದು ಹೊರಟ. ಕಾಫಿ ಲೋಟದಲ್ಲಿಯೇ ಉಳಿಯಿತು. ಅವನ ಮಾತು ನ್ಯಾಯವಾಗಿತ್ತು. ಪಾಠ ಓದದೆ ಉತ್ತರ ಬರೆದವನಿಗೆ ನಾನೆಂದೂ ಅಂಕ ಕೊಟ್ಟವನಲ್ಲ. ಆದ್ದರಿಂದ ಮೊಮ್ಮಗನಿಂದ ಹೆಡ್‌ಫೋನ್ ಪಡೆದು ಹದಿನೈದು ದಿನ ಕೇಳಿದೆ, ಅದರ ಚರಿತ್ರೆಯನ್ನೂ ಓದಿದೆ. ಈ ಲೇಖನ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು ಈ ಸಂಗೀತದ ಜನ್ಮವೃತ್ತಾಂತ. 1961ರಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆ ಹೊಂದಿತು. ಆ ದಶಕದ ಕೊನೆಯ ಹೊತ್ತಿಗೆ ಅಮೆರಿಕ ಮತ್ತು ಯುರೋಪಿನಿಂದ ಹಿಪ್ಪಿಗಳು ಅಂಜುನಾ, ವಾಗಾತೋರ್ ಕಡಲತೀರಗಳಿಗೆ ಬಂದು ನೆಲೆಸತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1951ರಲ್ಲಿ ಹುಟ್ಟಿ, ಮುಂದೆ ‘ಗೋವಾ ಗಿಲ್’ ಎಂದು ಹೆಸರಾಗಿ, 2023ರಲ್ಲಿ ತೀರಿಕೊಂಡ ಗಿಲ್ಬರ್ಟ್ ಲೆವಿ ಅವರಲ್ಲೊಬ್ಬ. ಮೊದಮೊದಲು ಹುಣ್ಣಿಮೆಯ ರಾತ್ರಿಗಳಲ್ಲಿ ಅಲ್ಲಿ ಗಿಟಾರ್ ಮತ್ತು ರಾಕ್ ಸಂಗೀತವಿತ್ತು. 1980ರ ದಶಕದಲ್ಲಿ ಯುರೋಪಿನ ಯಂತ್ರಸಂಗೀತದ ಕ್ಯಾಸೆಟ್ಟುಗಳು ಬಂದವು. ಲಾರೆಂಟ್, ಫ್ರೆಡ್ ಡಿಸ್ಕೋ ಮೊದಲಾದ ಡಿಜೆಗಳು ಆ ಹಾಡುಗಳಿಂದ ಮಾತಿನ ಭಾಗವನ್ನು ಕತ್ತರಿಸಿ ತೆಗೆದು, ಬರಿಯ ವಾದ್ಯದ ಭಾಗಗಳನ್ನು ಜೋಡಿಸಿ ರಾತ್ರಿಯಿಡೀ ನುಡಿಸಿದರು. ಬಿಸಿಲಿಗೆ ಗ್ರಾಮಫೋನ್ ತಟ್ಟೆಗಳು ಬಾಗುತ್ತಿದ್ದುದರಿಂದ ಕ್ಯಾಸೆಟ್, ಆಮೇಲೆ ಡ್ಯಾಟ್ ಎಂಬ ಡಿಜಿಟಲ್ ಟೇಪು ಅವರ ಸಾಧನವಾಯಿತು.

ಇದರ ಮುಖ್ಯ ನಾದವೊಂದರ ಹುಟ್ಟು ಇನ್ನೂ ಸ್ವಾರಸ್ಯಕರ. ಜಪಾನಿನ ರೋಲೆಂಡ್ ಕಂಪನಿಯು 1980ರ ದಶಕದ ಆರಂಭದಲ್ಲಿ ‘ಟಿಬಿ-303’ ಎಂಬ ಪುಟ್ಟ ಪೆಟ್ಟಿಗೆಯನ್ನು ತಯಾರಿಸಿತು. ಒಂಟಿಯಾಗಿ ನುಡಿಸುವ ಕಲಾವಿದನಿಗೆ ಬಾಸ್ ಗಿಟಾರಿನ ಜೊತೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಮಾರುಕಟ್ಟೆಯಲ್ಲಿ ಸೋತ ಆ ಪೆಟ್ಟಿಗೆ ಹಳೆಯ ಸಾಮಾನಿನ ಬೆಲೆಗೆ ಇಳಿದಾಗ ಷಿಕಾಗೋ ನಗರದ ಯುವಕರು ಅದರ ಗುಂಡಿಗಳನ್ನು ತಿರುಚಿ ತಿರುಚಿ, ನರಳುವ, ಕಿರುಚುವ ಹೊಸದೊಂದು ಧ್ವನಿಯನ್ನು ಹೊರಡಿಸಿದರು. 1987ರಲ್ಲಿ ಫ್ಯೂಚರ್ ಎಂಬ ತಂಡದ ‘ಆಸಿಡ್ ಟ್ರ್ಯಾಕ್ಸ್’ ಆ ಧ್ವನಿಯನ್ನು ಪ್ರಸಿದ್ಧಗೊಳಿಸಿತು. ಗೋವಾದ ಇರುಳುಗಳಿಗೆ ಬಂದು ಸೇರಿದ್ದು ಇದೇ ಧ್ವನಿ. 1990ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನ ಡ್ರ್ಯಾಗನ್‌ಫ್ಲೈ, ಟಿಪ್ ಮೊದಲಾದ ಧ್ವನಿಮುದ್ರಣ ಸಂಸ್ಥೆಗಳು ಇದಕ್ಕೆ ‘ಗೋವಾ ಟ್ರಾನ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆ ಒದಗಿಸಿದವು. ಸೈಮನ್ ಪೋಸ್‌ಫರ್ಡ್ ‘ಹ್ಯಾಲೂಸಿನೋಜೆನ್’ ಎಂಬ ಹೆಸರಿನಲ್ಲಿ 1995ರಲ್ಲಿ ಹೊರತಂದ ‘ಟ್ವಿಸ್ಟೆಡ್’ ಎಂಬ ಸಂಕಲನವನ್ನು ನಾನು ಎರಡು ಬಾರಿ ಕೇಳಿದೆ. ಒಂದರ ಮೇಲೊಂದು ಪದರವನ್ನು ಹಾಸುವ ಅವನ ಕುಶಲತೆ ಸಾಮಾನ್ಯದ್ದಲ್ಲ.

ಅಲ್ಲಿಂದ ಮುಂದೆ ಶಾಖೋಪಶಾಖೆಗಳು ಹುಟ್ಟಿದವು. ಪೌರ್ವಾತ್ಯ ರಾಗಗಳನ್ನು ಹೋಲುವ ಸುರುಳಿಗಳುಳ್ಳದ್ದು ಮೂಲದ ಗೋವಾ ಟ್ರಾನ್ಸ್. ನಿಧಾನವಾಗಿ ಬೆಳೆಯುವುದು ‘ಪ್ರೊಗ್ರೆಸಿವ್’. ಸೈನ್ಯಸೇವೆ ಮುಗಿಸಿ ಭಾರತ ಸುತ್ತಲು ಬರುತ್ತಿದ್ದ ಇಸ್ರೇಲಿ ತರುಣರು ತಮ್ಮ ನಾಡಿಗೆ ಕೊಂಡೊಯ್ದ ಸಂಗೀತವು ಅಲ್ಲಿ ‘ಫುಲ್-ಆನ್’ ಆಗಿ ಬೆಳೆಯಿತು. ನಿಮಿಷಕ್ಕೆ ಸುಮಾರು 145 ಬಡಿತ. ಅದಕ್ಕಿಂತ ವೇಗವಾಗಿ, ಭಯವನ್ನು ಹುಟ್ಟಿಸುವಂತಿರುವುದು ‘ಡಾರ್ಕ್’. 180 ಬಡಿತಗಳನ್ನೂ ದಾಟುವುದು ‘ಹೈ-ಟೆಕ್’. ಫಿನ್ಲೆಂಡಿನವರು ತಮ್ಮದೇ ವಿನೋದವನ್ನು ಬೆರೆಸಿ ಮಾಡಿಕೊಂಡದ್ದು ‘ಸುವೊಮಿಸೌಂಡಿ’. ಕುಣಿದು ದಣಿದವರ ವಿಶ್ರಾಂತಿಗೆ ‘ಸೈ-ಚಿಲ್’. ಕಾಡಿನ ಹುಳಹುಪ್ಪಟೆ, ಕಪ್ಪೆಗಳ ದನಿಯಂಥ ಸದ್ದುಗಳನ್ನು ಯಂತ್ರದಲ್ಲಿ ಸೃಷ್ಟಿಸುವ ‘ಫಾರೆಸ್ಟ್’ ಎಂಬುದೂ ಒಂದಿದೆ. ನನ್ನ ವಿದ್ಯಾರ್ಥಿ ತನ್ನ ತೋಟದಲ್ಲಿ ನುಡಿಸಬೇಕೆಂದಿರುವುದು ಈ ಕೊನೆಯದನ್ನೇ. ನಿಜವಾದ ಜೀರುಂಡೆಗಳ ನಡುವೆ ನಿಂತು, ಅವುಗಳ ದನಿಯನ್ನು ಮುಳುಗಿಸಿ, ಯಂತ್ರದ ಜೀರುಂಡೆಯನ್ನು ಕೇಳುವುದರಲ್ಲಿ ಯಾವ ಅರಣ್ಯಪ್ರೀತಿ ಇದೆಯೋ ನನಗೆ ತಿಳಿಯದು.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮೂರಿನ ಶೀಲರಕ್ಷಕರು ಸಂತೋಷಪಡಬೇಕಾಗಿಲ್ಲ. ಈ ಸಂಗೀತದ ಒಂದು ನಿಮಿಷವನ್ನೂ ಕೇಳದೆ “ಎಲ್ಲ ಗಾಂಜಾದವರ ಗದ್ದಲ” ಎಂದು ತೀರ್ಪು ಕೊಡುವವರನ್ನು ನಾನು ಒಪ್ಪಲಾರೆ. ಮಾದಕದ್ರವ್ಯದ ಸಂಬಂಧವನ್ನು ಮುಚ್ಚಿಡಲೂ ಆಗದು, ಹೆಸರಿನಲ್ಲಿಯೇ ಅದು ಇದೆ. ‘ಸೈಕೆಡೆಲಿಕ್’ ಎಂಬ ಪದವನ್ನು 1950ರ ದಶಕದಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಸೃಷ್ಟಿಸಿದ್ದು ಎಲ್‌ಎಸ್‌ಡಿಯಂಥ ವಸ್ತುಗಳನ್ನು ಹೆಸರಿಸುವುದಕ್ಕಾಗಿಯೇ. ಆದರೆ ಕೇಳುವವರೆಲ್ಲ ವ್ಯಸನಿಗಳಲ್ಲ. ನನ್ನ ಮೊಮ್ಮಗ ಇದನ್ನು ಕೇಳುತ್ತಲೇ ಲೆಕ್ಕ ಬಿಡಿಸುತ್ತಾನೆ. ಇನ್ನು ನಮ್ಮ ಮದುವೆಗಳಿಂದ ವಾಲಗದವರನ್ನು ಹಿಂದಕ್ಕೆ ಸರಿಸಿ ಡಿಜೆಯನ್ನು ಕರೆತಂದವರು ಯಾರು? ಹಿಪ್ಪಿಗಳಲ್ಲ, ನಾವೇ. ಕಲ್ಯಾಣಮಂಟಪದಲ್ಲಿ ಕಿವಿ ಹರಿಯುವಂತೆ ಸಿನಿಮಾ ಹಾಡು ಹಾಕಿಸಿದ ಹಿರಿಯರಿಗೆ ಸಂಸ್ಕೃತಿಯ ಹೆಸರಿನಲ್ಲಿ ಮಾತಾಡುವ ಅಧಿಕಾರವಿಲ್ಲ.

ಹಾಗಾದರೆ ನನ್ನ ಆಕ್ಷೇಪ ಯಾವುದಕ್ಕೆ? ಸಂಗೀತಕ್ಕಲ್ಲ, ಆ ಕರೆಯೋಲೆಗೆ.

ತೆರೆ ಎಂದರೆ ಏನೆಂಬುದನ್ನು ಕೊಡಗಿನಲ್ಲಿ ಹುಟ್ಟಿದವರಿಗೆ ವಿವರಿಸಬೇಕಾಗಿಲ್ಲ. ಚೆಂಡೆಯ ಬಡಿತ, ದೊಂದಿಯ ಬೆಳಕು, ತೆಂಗಿನ ಎಳೆಗರಿಯ ಉಡುಗೆ, ಬಣ್ಣ ಬಳಿದ ಮುಖ. ಆ ಕಲಾವಿದನ ಮೇಲೆ ದೈವ ಬರುತ್ತದೆ. ಮೇಲುನೋಟಕ್ಕೆ ಎರಡೂ ಒಂದೇ. ಅಲ್ಲಿಯೂ ಬಡಿತ, ಇಲ್ಲಿಯೂ ಬಡಿತ. ಅಲ್ಲಿಯೂ ಮೈಮರೆವು, ಇಲ್ಲಿಯೂ ಮೈಮರೆವು. ಆದರೆ ತೆರೆಯಲ್ಲಿ ಮೈಮರೆಯುವವನು ಒಬ್ಬ, ಎಚ್ಚರವಾಗಿರುವವರು ಊರೆಲ್ಲ. ಅವನನ್ನು ಹಿಡಿಯುವವರಿರುತ್ತಾರೆ, ನೀರು ಕೊಡುವವರಿರುತ್ತಾರೆ, ಅವನ ಎದುರು ನಿಂತು ತಮ್ಮ ಕಷ್ಟವನ್ನು ಹೇಳಿಕೊಂಡು ಉತ್ತರ ಕೇಳುವವರಿರುತ್ತಾರೆ. ಬೆಳಗಾದ ಮೇಲೂ ಆ ನುಡಿಗೆ ಊರಿನಲ್ಲಿ ಬೆಲೆಯುಂಟು. ಆ ಮೈಮರೆವು ಅವನ ಸ್ವಂತ ಸುಖಕ್ಕಾಗಿ ಒದಗಿದ್ದಲ್ಲ, ಊರಿಗಾಗಿ ಅವನು ಹೊತ್ತ ಭಾರ. ಟ್ರಾನ್ಸ್ ಕೂಟದಲ್ಲಿ ಎಲ್ಲರೂ ತಮ್ಮ ತಮ್ಮ ಅನುಭವಕ್ಕೆ ಬಂದವರು. ತಪ್ಪೇನಿಲ್ಲ, ಆದರೆ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಡಿಜೆ ಬೆಳಗ್ಗೆ ಪೆಟ್ಟಿಗೆ ಕಟ್ಟಿ ವಿಮಾನ ಹತ್ತುತ್ತಾನೆ.

ಇನ್ನೊಂದು ವ್ಯತ್ಯಾಸವಿದೆ. ಊರ ದೇವರ ಹಬ್ಬಕ್ಕೆ ಮೊದಲು ನಮ್ಮಲ್ಲಿ ‘ಕಟ್ಟು’ ಬೀಳುತ್ತದೆ. ಆ ದಿನಗಳಲ್ಲಿ ಪ್ರಾಣಿವಧೆಯಿಲ್ಲ, ಮದುವೆಯಿಲ್ಲ, ಸಡಗರವಿಲ್ಲ. ಬಡವನೂ ಬಲ್ಲಿದನೂ ಒಟ್ಟಿಗೆ ಪಾಲಿಸಿದ ಆ ಮೌನದ ಬೆನ್ನಿಗೆ ವಾದ್ಯದ ದನಿ ಬರುತ್ತದೆ. ದುಡಿಯ ಹಾಡೂ ಹಾಗೆಯೇ. ನಾಲ್ವರು ಕುಳಿತು, ಇಬ್ಬರು ಹೇಳಿದ್ದನ್ನು ಮತ್ತಿಬ್ಬರು ಎತ್ತಿಕೊಂಡು ಹಾಡುತ್ತಾರೆ. ಅದರ ಜೀವ ಮಾತಿನಲ್ಲಿದೆ. ಮನೆತನದ ಹೆಸರು, ಊರಿನ ಹೆಸರು, ಸತ್ತವರ ನೆನಪು ಅದರಲ್ಲಿದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ಉಳಿಸಿಕೊಟ್ಟದ್ದು ಆ ಮಾತನ್ನು. ಗೋವಾ ಟ್ರಾನ್ಸ್ ಹುಟ್ಟಿದ್ದೇ ಹಾಡಿನಿಂದ ಮಾತನ್ನು ಕತ್ತರಿಸಿದ ದಿನದಿಂದ. ಮಾತನ್ನು ಬಿಟ್ಟುಕೊಟ್ಟಿದ್ದರಿಂದಲೇ ಅದು ಯಾವ ದೇಶದವನಿಗೂ ಒಗ್ಗಿತು. ಅದು ಅದರ ಬಲ. ಆದರೆ ಆ ಬಲವನ್ನು ‘ಕೊಡಗಿನ ಪರಂಪರೆ’ ಎಂದು ಕರೆಯುವುದು ಸುಳ್ಳು.

ಗೋವಾದವರನ್ನೇ ನೋಡಿ. ಅವರ ಊರಿನ ಹೆಸರು ಜಗತ್ತಿನ ಒಂದು ಸಂಗೀತಕ್ಕೆ ಅಂಟಿಕೊಂಡಿತು. ಅದರ ಪ್ರಸಿದ್ಧ ಕರ್ತೃಗಳ ಪಟ್ಟಿಯಲ್ಲಿ ಗೋವಾದವರನ್ನು ಹುಡುಕಬೇಕು. ಕೂಟಗಳಲ್ಲಿ ಚಾಪೆ ಹಾಸಿ, ಸೀಮೆಎಣ್ಣೆ ದೀಪವಿಟ್ಟು ಚಹಾ ಮಾರಿದ ಹೆಂಗಸರು ಮಾತ್ರ ಸ್ಥಳೀಯರು. ನಮ್ಮ ರಾಜ್ಯದಲ್ಲಿಯೇ ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆ ಇಂಥದೇ ಪ್ರವಾಸಿಗಳ ‘ಹಿಪ್ಪಿ ದ್ವೀಪ’ವಾಗಿತ್ತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಮಾರ್ಚಿನಲ್ಲಿ ಅಲ್ಲಿಯ ಅನಧಿಕೃತ ವಸತಿಗೃಹಗಳನ್ನು ಕೆಡವಲಾಯಿತು. ಬಂದವರು ಬೇರೆ ಊರು ನೋಡಿಕೊಂಡರು. ಕಟ್ಟಿದವರಿಗೆ ಉಳಿದದ್ದು ಇಟ್ಟಿಗೆಯ ರಾಶಿ.

ಇನ್ನು ನಮ್ಮ ತೋಟದ ಮಾತು. ಜನವರಿ ಎಂದರೆ ರೊಬಸ್ಟಾ ಕೊಯ್ಲಿನ ಕಾಲ. ಲೈನ್ ಮನೆಯ ಯರವರು, ಪಣಿಯರು ಹಗಲೆಲ್ಲ ಹಣ್ಣು ಕೊಯ್ದು ಮೂಟೆ ಹೊತ್ತು ಮಲಗುವ ಹೊತ್ತಿಗೆ ನಿನ್ನ ಉತ್ಸವ ಆರಂಭವಾಗುತ್ತದೆ, ಮಗಾ. ಕರೆಯೋಲೆಯಲ್ಲಿ ಆದಿವಾಸಿ ಲಯವೆಂದು ಬರೆದಿದ್ದೀಯೆ; ಆ ಆದಿವಾಸಿಯ ನಿದ್ದೆಯ ಬಗ್ಗೆ ಒಂದು ಸಾಲೂ ಇಲ್ಲ. ರಾತ್ರಿ ತೋಟದಿಂದ ತೋಟಕ್ಕೆ ದಾಟುವ ಆನೆಗಳು ಸದ್ದಿಗೆ ಬೆದರಿ ಯಾವ ಲೈನಿನ ಕಡೆ ನುಗ್ಗಿಯಾವು ಎಂದು ಯೋಚಿಸಿದ್ದೀಯಾ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ವಿನಾಯಿತಿ ಕೊಡಬಹುದು, ಅದೂ ಮಧ್ಯರಾತ್ರಿಯವರೆಗೆ ಮಾತ್ರ. ‘ತೆರೆಯ ಪರಂಪರೆ’ ಎಂಬ ಹೆಸರು ಆ ಬಾಗಿಲಿಗೆ ಕೀಲಿಕೈಯಾದೀತೆಂಬ ಲೆಕ್ಕ ಅದರಲ್ಲಿದ್ದರೆ ನನಗೆ ಇನ್ನಷ್ಟು ದುಃಖ. “ನಮ್ಮ ಹಬ್ಬಗಳಲ್ಲಿಯೂ ರಾತ್ರಿಯಿಡೀ ಮೈಕು ಕೂಗುತ್ತದಲ್ಲ” ಎನ್ನುವೆಯಾದರೆ, ಅದೂ ತಪ್ಪೇ. ಎರಡು ತಪ್ಪು ಸೇರಿ ಒಂದು ಸರಿ ಆಗದೆಂದು ನಿನಗೆ ಲೆಕ್ಕದ ಮೇಷ್ಟ್ರು ಹೇಳಿರಬೇಕು.

ಆದ್ದರಿಂದ ನನ್ನ ಷರತ್ತುಗಳು ಇಷ್ಟೇ. ದೇವರಕಾಡಿನ ಅಂಚನ್ನು ಬಿಟ್ಟು ದೂರದ ಕಣದಲ್ಲಿ ನಡೆಸು. ಕೊಯ್ಲು ಮುಗಿಯಲಿ. ಲೈನ್ ಮನೆಯವರನ್ನು ಮೊದಲು ಕೇಳು. ಅವರು ಬೇಡವೆಂದರೆ ಬೇಡ. ಮಧ್ಯಾಹ್ನ ಆರಂಭಿಸಿ ರಾತ್ರಿ ಹತ್ತಕ್ಕೆ ನಿಲ್ಲಿಸು. ಸಂಗೀತವನ್ನು ಅದರ ನಿಜವಾದ ಹೆಸರಿನಿಂದ ಕರೆ: ಅಂಜುನಾದ ಮರಳಿನಲ್ಲಿ ಹುಟ್ಟಿ, ಷಿಕಾಗೋ, ಲಂಡನ್, ಟೆಲ್ ಅವೀವ್‌ಗಳ ಋಣ ಹೊತ್ತು ಬಂದ, ನಾಲ್ಕೈದು ದಶಕಗಳ ವಯಸ್ಸಿನ ಯಂತ್ರಸಂಗೀತ. ಅಷ್ಟು ಚರಿತ್ರೆ ಅದಕ್ಕೆ ಸಾಕು, ನಮ್ಮ ದೈವಗಳನ್ನು ಎರವಲು ಪಡೆಯಬೇಕಾಗಿಲ್ಲ.

ಇಷ್ಟಕ್ಕೆ ಒಪ್ಪುವೆಯಾದರೆ ಬಾ, ಕರೆಯೋಲೆಯನ್ನು ನಾನೇ ಬರೆದುಕೊಡುತ್ತೇನೆ, ಕಾಗುಣಿತದ ತಪ್ಪಿಲ್ಲದಂತೆ. ಸಂಜೆ ಬಂದು ಮುಂದಿನ ಸಾಲಿನಲ್ಲಿ ಕುಳಿತೂ ಕೇಳುತ್ತೇನೆ. ಈ ಸಲ ಮೇಜಿನ ಮೇಲೆ ತಾಳ ಹಾಕಿದರೆ ಬೈಯುವುದಿಲ್ಲ. ಅಂದು ನೀನು ಬಿಟ್ಟುಹೋದ ಕಾಫಿಯನ್ನು ಅಜ್ಜಿ ಮತ್ತೆ ಬಿಸಿಯಾಗಿ ಮಾಡಿಕೊಟ್ಟಾಳು.