ಮಾರ್ಡ್ರೆಡ್‌ನ ಪಕ್ಷ: ಖಳನ ದೃಷ್ಟಿಯ ಕಥನ ಮತ್ತು ಅಪರಾಧದ ಪ್ರಶ್ನೆ

ಪುರಾಣ ಐತಿಹ್ಯಗಳನ್ನು ಅವುಗಳಲ್ಲಿ ನಿಂದೆಗೆ ಗುರಿಯಾದ ಪಾತ್ರದ ಕಣ್ಣಿನಿಂದ ಮರಳಿ ಹೇಳುವುದು ಕಳೆದ ಐದಾರು ದಶಕಗಳಲ್ಲಿ ಕಾದಂಬರಿಯ ಒಂದು ಒಪ್ಪಿತ ಮಾದರಿಯಾಗಿ ಬೆಳೆದಿದೆ. ಇಂತಹ ಕೃತಿಯೊಂದು ಕೈಗೆ ಬಂದೊಡನೆ ನಮ್ಮ ವಿಮರ್ಶೆ ಮತ್ತು ಸಂಶೋಧನ ಪ್ರಬಂಧಗಳು ‘ಪ್ರತಿರೋಧ’, ‘ಮರುವ್ಯಾಖ್ಯಾನ’, ‘ಅಂಚಿನ ದನಿ’ ಎಂಬ ಪರಿಭಾಷೆಗಳನ್ನು ಸಿದ್ಧವಾಗಿಯೇ ಇಟ್ಟುಕೊಂಡಿರುತ್ತವೆ. ಖಳನ ದೃಷ್ಟಿಯನ್ನು ಸ್ವೀಕರಿಸುವುದೂ ಖಳನನ್ನು ನಿರಪರಾಧಿಯೆಂದು ಘೋಷಿಸುವುದೂ ಬೇರೆ ಬೇರೆ ಕಾರ್ಯಗಳು. ಎರಡನೆಯದು ಅನೇಕ ವೇಳೆ ಮೊದಲನೆಯದರ ಶಕ್ತಿಯನ್ನೇ ಕುಂದಿಸುತ್ತದೆ. ಇಂಗ್ಲಿಷ್ ಸಾಹಿತ್ಯದ ಆರ್ಥರ್ ಐತಿಹ್ಯವನ್ನು, ಅದರಲ್ಲಿಯೂ ಮಾರ್ಡ್ರೆಡ್ ಮತ್ತು ಮಾರ್ಗನ್ ಪಾತ್ರಗಳನ್ನು ಆಧರಿಸಿ ಈ ಅಭಿಪ್ರಾಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾರ್ಡ್ರೆಡ್ ಆರಂಭದಿಂದಲೂ ಖಳನಾಗಿದ್ದನೆಂದು ಹೇಳಲು ಆಧಾರವಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹತ್ತನೆಯ ಶತಮಾನದಲ್ಲಿ ಸಂಕಲಿತವಾದ ವೇಲ್ಸ್‌ನ ಲ್ಯಾಟಿನ್ ವಾರ್ಷಿಕ ದಾಖಲೆಗಳು ಕ್ಯಾಮ್ಲಾನ್ ಕಾಳಗದಲ್ಲಿ ಆರ್ಥರ್ ಮತ್ತು ಮೆಡ್ರೌಟ್ ಇಬ್ಬರೂ ಬಿದ್ದರೆಂದಷ್ಟೇ ತಿಳಿಸುತ್ತವೆ. ಅವರು ಪರಸ್ಪರ ಶತ್ರುಗಳಾಗಿದ್ದರೆ ಅಥವಾ ಒಂದೇ ಪಕ್ಷದಲ್ಲಿದ್ದರೆ ಎಂಬುದು ಅಲ್ಲಿ ಅಸ್ಪಷ್ಟ. ‘ರೊನಾಬ್ವಿಯ ಕನಸು’ ಎಂಬ ಮಧ್ಯಯುಗದ ವೆಲ್ಷ್ ಗದ್ಯಕಥೆಯಲ್ಲಿ ಅವನು ಆರ್ಥರನ ಸೋದರಳಿಯ ಮತ್ತು ಸಾಕುಮಗ. ಅರಸನು ಕಳುಹಿಸಿದ ಸೌಮ್ಯವಾದ ಮಾತುಗಳನ್ನು ದೂತನೊಬ್ಬನು ಒರಟಾಗಿ ತಿರುಚಿ ಹೇಳಿದ್ದೇ ಅಲ್ಲಿ ಕದನಕ್ಕೆ ಕಾರಣ. ಸುಮಾರು ೧೧೩೬ರಲ್ಲಿ ಜೆಫ್ರಿ ಆಫ್ ಮನ್ಮತ್ ರಚಿಸಿದ ಬ್ರಿಟನ್ ಅರಸರ ಚರಿತ್ರೆಯಲ್ಲಿ ಅವನು ಸಿಂಹಾಸನವನ್ನೂ ರಾಣಿಯನ್ನೂ ಅಪಹರಿಸಿದ ದ್ರೋಹಿಯಾಗುತ್ತಾನೆ. ಹದಿಮೂರನೆಯ ಶತಮಾನದ ಫ್ರೆಂಚ್ ಗದ್ಯಚಕ್ರವು ಅವನನ್ನು ಆರ್ಥರನಿಗೆ ಸ್ವಂತ ಸೋದರಿಯಲ್ಲಿ ಹುಟ್ಟಿದ ಮಗನನ್ನಾಗಿ ಮಾಡುತ್ತದೆ. ಹೀಗೆ ಆ ಪಾತ್ರದ ಖಳತನವು ಶತಮಾನಗಳ ಅವಧಿಯಲ್ಲಿ ಪದರ ಪದರವಾಗಿ ಸಂಚಯಗೊಂಡದ್ದು.

ಮಾರ್ಡ್ರೆಡ್‌ನ ಪಕ್ಷವನ್ನು ವಹಿಸುವುದು ಆಧುನಿಕ ಕಾದಂಬರಿಕಾರರ ಆವಿಷ್ಕಾರವೂ ಅಲ್ಲ. ಹದಿನಾಲ್ಕನೆಯ ಶತಮಾನದ ಸ್ಕಾಟ್ಲೆಂಡಿನ ಚರಿತ್ರಕಾರ ಜಾನ್ ಆಫ್ ಫೋರ್ಡನ್ ಆರ್ಥರನ ಜನ್ಮದ ಸಕ್ರಮತೆಯನ್ನೇ ಪ್ರಶ್ನಿಸಿ, ಲಾಟ್ ಅರಸನ ಮಕ್ಕಳಿಗಿದ್ದ ಹಕ್ಕನ್ನು ಎತ್ತಿ ತೋರಿಸಿದನು. ೧೫೨೭ರ ತನ್ನ ಲ್ಯಾಟಿನ್ ಇತಿಹಾಸದಲ್ಲಿ ಹೆಕ್ಟರ್ ಬೋಯಿಸ್ ಮಾರ್ಡ್ರೆಡ್‌ನನ್ನು ನ್ಯಾಯವಾದ ಉತ್ತರಾಧಿಕಾರಿಯೆಂದೂ ಆರ್ಥರನನ್ನು ವಚನಭ್ರಷ್ಟನೆಂದೂ ಚಿತ್ರಿಸಿದನು. ಇಂಗ್ಲೆಂಡಿನ ಅರಸರು ಆರ್ಥರನ ಹೆಸರಿನಲ್ಲಿ ಇಡೀ ದ್ವೀಪದ ಮೇಲೆ ಅಧಿಕಾರವನ್ನು ಸಾಧಿಸುತ್ತಿದ್ದಾಗ ಸ್ಕಾಟರಿಗೆ ಮಾರ್ಡ್ರೆಡ್ ಬೇಕಾಗಿದ್ದನು. ಖಳನ ಪಕ್ಷದ ಕಥನವೂ ಒಂದು ಸಿಂಹಾಸನದ ಪರವಾದ ಕಥನವಾಗಿರಬಹುದು ಎಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನ.

ಈ ಹಿನ್ನೆಲೆಯಲ್ಲಿ ೧೪೮೫ರಲ್ಲಿ ಕ್ಯಾಕ್ಸ್‌ಟನ್ ಮುದ್ರಿಸಿದ ಥಾಮಸ್ ಮ್ಯಾಲರಿಯ ‘ಆರ್ಥರನ ಮರಣ’ವನ್ನು ಓದಬೇಕು. ಸಂಪ್ರದಾಯದ ಪ್ರಮಾಣಗ್ರಂಥವೆನಿಸಿದ ಈ ಕೃತಿಯೇ ಅರಸನ ಅಪರಾಧವೊಂದನ್ನು ಮುಚ್ಚಿಡದೆ ದಾಖಲಿಸಿದೆ. ಮೇ ತಿಂಗಳ ಮೊದಲ ದಿನ ಹುಟ್ಟಿದ ಮಗುವಿನಿಂದ ರಾಜ್ಯಕ್ಕೂ ಅರಸನಿಗೂ ನಾಶವೆಂದು ಮರ್ಲಿನ್ ನುಡಿದಾಗ, ಆರ್ಥರನು ಆ ದಿನ ಹುಟ್ಟಿದ ಕುಲೀನರ ಶಿಶುಗಳನ್ನೆಲ್ಲ ತರಿಸಿ ಹಡಗಿಗೆ ಹಾಕಿಸಿ ಕಡಲಿಗೆ ಬಿಡಿಸುತ್ತಾನೆ. ಹಡಗು ಒಡೆಯುತ್ತದೆ. ಮಾರ್ಡ್ರೆಡ್‌ನೊಬ್ಬನು ದಡ ಸೇರುತ್ತಾನೆ. ಮಕ್ಕಳನ್ನು ಕಳೆದುಕೊಂಡ ಪ್ರಭುಗಳಲ್ಲಿ ಹಲವರು ಅರಸನಿಗಿಂತ ಮರ್ಲಿನನನ್ನೇ ಹೆಚ್ಚಾಗಿ ದೂರಿದರೆಂದೂ, ಭಯದಿಂದಲೂ ಪ್ರೀತಿಯಿಂದಲೂ ಸುಮ್ಮನಾದರೆಂದೂ ಮ್ಯಾಲರಿ ಹೇಳುತ್ತಾನೆ. ಅಪರಾಧವನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುವ ಕ್ರಮವನ್ನು ಮೂಲಪಠ್ಯವೇ ಇಲ್ಲಿ ಬಯಲುಮಾಡಿದೆ. ಕೃತಿಯ ಕೊನೆಯ ಭಾಗದಲ್ಲಿ ಆರ್ಥರನ ಕಾಲದಲ್ಲಿ ಯುದ್ಧ ಕಲಹಗಳಲ್ಲದೆ ಬೇರೆ ಬದುಕಿರಲಿಲ್ಲ, ಮಾರ್ಡ್ರೆಡ್‌ನ ಕಾಲದಲ್ಲಿ ಸಂತೋಷವಿದೆ ಎಂಬ ಜನಾಭಿಪ್ರಾಯವೂ ದಾಖಲಾಗಿದೆ. ಮ್ಯಾಲರಿ ಅದನ್ನು ಇಂಗ್ಲಿಷರ ಚಂಚಲತೆಯೆಂದು ಖಂಡಿಸುತ್ತಾನೆ. ಆದರೆ ಖಂಡಿಸುವುದಕ್ಕಾಗಿಯಾದರೂ ಆ ಮಾತನ್ನು ಉಳಿಸಿಕೊಟ್ಟಿದ್ದಾನೆ.

ಇಪ್ಪತ್ತನೆಯ ಶತಮಾನದ ಎರಡು ಪ್ರಸಿದ್ಧ ಕಾದಂಬರಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೇರಿ ಸ್ಟೂಅರ್ಟ್ ಅವರ ‘ದಿ ವಿಕೆಡ್ ಡೇ’ (೧೯೮೩) ಮಾರ್ಡ್ರೆಡ್‌ನನ್ನು ಕೇಂದ್ರದಲ್ಲಿರಿಸಿಕೊಂಡ ಕೃತಿ. ಇಲ್ಲಿ ಅವನು ದ್ರೋಹಿಯಲ್ಲ. ಅರಸನು ಮಡಿದನೆಂಬ ಸುಳ್ಳು ವರ್ತಮಾನವನ್ನು ನಂಬಿ ರಾಜ್ಯಭಾರವನ್ನು ವಹಿಸಿಕೊಂಡವನು, ವಿಧಿಯ ಕೈಗೆ ಸಿಕ್ಕಿದವನು. ಶಿಶುಗಳ ಹತ್ಯೆಯ ಹೊಣೆಯನ್ನು ಸ್ಟೂಅರ್ಟ್ ಇದಕ್ಕೆ ಹಿಂದಿನ ಕಾದಂಬರಿಯಲ್ಲಿಯೇ ಆರ್ಥರನಿಂದ ತೆಗೆದು ಲಾಟ್ ಮತ್ತು ಮಾರ್ಗಾಸ್ ಇವರ ಮೇಲೆ ಹೊರಿಸಿದ್ದರು. ಮೇರಿಯನ್ ಜಿಮ್ಮರ್ ಬ್ರಾಡ್ಲಿ ಅವರ ‘ದಿ ಮಿಸ್ಟ್ಸ್ ಆಫ್ ಆವಲಾನ್’ (೧೯೮೩) ಮಾರ್ಗನ್‌ಳನ್ನು ಹಳೆಯ ಧರ್ಮದ ಅರ್ಚಕಿಯಾಗಿ ನಿಲ್ಲಿಸಿ, ಇಡೀ ಐತಿಹ್ಯವನ್ನು ಸ್ತ್ರೀಯರ ಅನುಭವವಾಗಿ ಮರುರಚಿಸಿತು. ಇದರ ಮಹತ್ವವನ್ನು ಅಲ್ಲಗಳೆಯಲಾಗದು. ಸುಮಾರು ೧೧೫೦ರ ‘ಮರ್ಲಿನನ ಜೀವನ’ದಲ್ಲಿ ಮಾರ್ಗನ್ ಸೇಬಿನ ದ್ವೀಪದ ಒಂಬತ್ತು ಸೋದರಿಯರಲ್ಲಿ ಹಿರಿಯಳು, ಆರ್ಥರನ ಗಾಯಗಳಿಗೆ ಚಿಕಿತ್ಸೆ ಮಾಡುವವಳು. ಆ ವೈದ್ಯೆಯನ್ನು ಮುಂದಿನ ಗದ್ಯಕಥೆಗಳು ಮಾಟಗಾತಿಯನ್ನಾಗಿ ಮಾಡಿದವು. ಮ್ಯಾಲರಿಯಲ್ಲಿ ಅರಸನ ಖಡ್ಗವನ್ನು ಕದ್ದು ಪ್ರಿಯನಿಗೆ ಕೊಡುವವಳೂ ಅವಳೇ, ಕೊನೆಗೆ ಗಾಯಗೊಂಡ ಅರಸನನ್ನು ಕರೆದೊಯ್ಯುವ ದೋಣಿಯಲ್ಲಿರುವ ರಾಣಿಯರಲ್ಲೊಬ್ಬಳೂ ಅವಳೇ. ಬ್ರಾಡ್ಲಿ ಅವರ ಪ್ರಯತ್ನಕ್ಕೆ ಹಳೆಯ ಪಠ್ಯದಲ್ಲಿಯೇ ನೆಲೆಯಿದೆ.

ಆದರೆ ಈ ಎರಡೂ ಕಾದಂಬರಿಗಳಲ್ಲಿ ಸಾಮಾನ್ಯವಾಗಿರುವ ಅಂಶವೊಂದು ನಮ್ಮ ಗಮನದಿಂದ ತಪ್ಪಿಹೋಗಬಾರದು. ಮಾರ್ಡ್ರೆಡ್‌ನಿಂದಲೂ ಮಾರ್ಗನ್‌ಳಿಂದಲೂ ಕಳಚಿದ ಖಳತನವು ಕಣ್ಮರೆಯಾಗಿಲ್ಲ. ಅದು ಬಹುಮಟ್ಟಿಗೆ ಮಾರ್ಗಾಸ್‌ಳ ಪಾಲಿಗೆ ಬಂದಿದೆ. ಸ್ಟೂಅರ್ಟ್ ಅವರಲ್ಲಿ ಅವಳು ಕ್ರೂರಿಯಾದ ಮಾಟಗಾತಿ, ಬ್ರಾಡ್ಲಿ ಅವರಲ್ಲಿ ಅಧಿಕಾರದಾಹಿ. ಮ್ಯಾಲರಿಯಲ್ಲಾದರೋ ಅವಳು ಮಾಟ ಬಲ್ಲವಳೇ ಅಲ್ಲ. ಗಂಡನ ಪರವಾಗಿ ಆಸ್ಥಾನಕ್ಕೆ ಬಂದು, ತಮ್ಮನೆಂದು ತಿಳಿಯದೆ ಅರಸನನ್ನು ಕೂಡಿ, ಕೊನೆಗೆ ಪ್ರಿಯನೊಡನಿದ್ದಾಗ ಸ್ವಂತ ಮಗನಿಂದಲೇ ಹತಳಾಗುವ ಹೆಣ್ಣು. ಹಳೆಯ ಕಥೆಯಲ್ಲಿ ಕೊಲೆಗೀಡಾದವಳು ಹೊಸ ಕಥೆಗಳಲ್ಲಿ ಇತರರ ಅಪರಾಧವನ್ನು ಹೊರುವವಳಾಗಿದ್ದಾಳೆ. ಬ್ರಾಡ್ಲಿ ಅವರಲ್ಲಿ ಇನ್ನೊಂದಿಷ್ಟು ಹೊಣೆ ಗಿನಿವೆರ್‌ಳ ಭಯಗ್ರಸ್ತ ಧರ್ಮಶ್ರದ್ಧೆಯ ಮೇಲೆ ಬೀಳುತ್ತದೆ. ಖಳತನವೆಂಬ ಸ್ಥಾನವನ್ನು ಹಾಗೆಯೇ ಉಳಿಸಿಕೊಂಡು ಅದರಲ್ಲಿ ಕುಳಿತವರನ್ನು ಮಾತ್ರ ಬದಲಿಸಿದರೆ ಅದನ್ನು ಪ್ರತಿರೋಧವೆಂದು ಎಷ್ಟರಮಟ್ಟಿಗೆ ಕರೆಯಬಹುದು?

ಅಪರಾಧವನ್ನು ಅದು ಸೇರಬೇಕಾದ ಕಡೆಯೇ ಉಳಿಸಿಕೊಂಡೂ ಸಹಾನುಭೂತಿಯನ್ನು ವಿಸ್ತರಿಸಬಹುದೆಂಬುದಕ್ಕೆ ಇದೇ ಪರಂಪರೆಯಲ್ಲಿ ನಿದರ್ಶನವಿದೆ. ಟಿ.ಎಚ್. ವೈಟ್ ಅವರ ‘ದಿ ಒನ್ಸ್ ಅಂಡ್ ಫ್ಯೂಚರ್ ಕಿಂಗ್’ (೧೯೫೮) ಖಳನ ದೃಷ್ಟಿಯ ಕಾದಂಬರಿಯಲ್ಲ. ಆದರೂ ಅಲ್ಲಿ ವೃದ್ಧನಾದ ಆರ್ಥರನು ಶಿಶುಗಳ ಹಡಗಿನ ಸಂಗತಿಯನ್ನು ಲಾನ್ಸಲಾಟ್ ಮತ್ತು ಗಿನಿವೆರ್ ಇವರ ಮುಂದೆ ತಾನೇ ಹೇಳಿಕೊಳ್ಳುತ್ತಾನೆ. ಮಾರ್ಡ್ರೆಡ್‌ನ ದ್ವೇಷಕ್ಕೆ ಕಾರಣವಿದೆಯೆಂಬುದು ಓದುಗನಿಗೆ ಮನದಟ್ಟಾಗುವುದು ಅರಸನ ಬಾಯಿಂದಲೇ. ಮಾರ್ಡ್ರೆಡ್‌ನ ದುಷ್ಕೃತ್ಯಗಳು ಅದರಿಂದ ಹಗುರವಾಗುವುದಿಲ್ಲ.

ಕನ್ನಡದ ಓದುಗರಿಗೆ ಈ ಸಮಸ್ಯೆ ಹೊಸದೇನಲ್ಲ. ರನ್ನನ ‘ಗದಾಯುದ್ಧ’ದ ನಾಯಕ ಭೀಮ. ಕಾವ್ಯವು ಅವನೊಡನೆ ಚಾಲುಕ್ಯ ಸತ್ಯಾಶ್ರಯನನ್ನು ಸಮೀಕರಿಸಿದೆ. ಹಾಗಿದ್ದೂ ರಣರಂಗದಲ್ಲಿ ಶವಗಳ ನಡುವೆ ನಡೆಯುವ ದುರ್ಯೋಧನನ ಕಣ್ಣಿನಿಂದ ಯುದ್ಧದ ಫಲವನ್ನು ನಮಗೆ ಕಾಣಿಸುತ್ತದೆ. ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿನ ಶವದ ಮುಂದೆಯೂ ಅವನು ನಿಂತು ಮೆಚ್ಚುತ್ತಾನೆ. ಇಷ್ಟರಿಂದ ದ್ರೌಪದಿಗಾದ ಅವಮಾನವು ಅಳಿಸಿಹೋಗುವುದಿಲ್ಲ, ಆ ಹೊಣೆಯನ್ನು ಹೊರಲು ಬೇರೊಬ್ಬ ಖಳನನ್ನು ಕವಿ ಹುಡುಕುವುದೂ ಇಲ್ಲ. ನಾಗಚಂದ್ರನ ರಾವಣನು ಪಶ್ಚಾತ್ತಾಪಪಡುತ್ತಾನೆ. ಆದರೂ ಗೆದ್ದ ಮೇಲೆಯೇ ಸೀತೆಯನ್ನು ಒಪ್ಪಿಸುವೆನೆಂಬ ಅಭಿಮಾನವನ್ನು ಬಿಡಲಾರನು. ಬಿ.ಎಂ. ಶ್ರೀಕಂಠಯ್ಯನವರು ಅವನಲ್ಲಿ ದುರಂತ ನಾಯಕನನ್ನು ಗುರುತಿಸಿದ್ದು ಅಪರಾಧ ಮತ್ತು ಔನ್ನತ್ಯಗಳೆರಡೂ ಒಬ್ಬನಲ್ಲಿಯೇ ಉಳಿದುಕೊಂಡಿದ್ದರಿಂದ. ಅಪರಾಧವಿಲ್ಲದ ರಾವಣನು ಮರುಕಕ್ಕೆ ಪಾತ್ರನಾಗಬಹುದು, ದುರಂತಕ್ಕೆ ಪಾತ್ರನಾಗಲಾರನು.

ಆದುದರಿಂದ ಇಂತಹ ಕೃತಿಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವ ನಾವು ‘ಯಾರ ದೃಷ್ಟಿ’ ಎಂಬ ಪ್ರಶ್ನೆಗೇ ನಿಲ್ಲಬಾರದು. ನಾಯಕನ ಅಪರಾಧವು ಹೊಸ ಕಥನದಲ್ಲಿ ಬೆಳಕಿಗೆ ಬಂದಿದೆಯೇ, ಖಳನಿಂದ ಇಳಿಸಿದ ಭಾರವು ಯಾರ ಮೇಲೆ ಬಿದ್ದಿದೆ, ಇಬ್ಬರ ಕಲಹದಲ್ಲಿ ಸತ್ತವರ ಗತಿಯೇನಾಯಿತು ಎಂಬ ಮೂರು ಪ್ರಶ್ನೆಗಳನ್ನು ಪಠ್ಯದ ಮುಂದಿಡಬೇಕು. ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಮಾರ್ಡ್ರೆಡ್ ಎಷ್ಟೇ ನಿಂದಿತನಾದರೂ ರಾಜಪುತ್ರ. ಅವನ ಕಥೆಯನ್ನು ಹೇಳಲು ಸ್ಕಾಟ್ ಚರಿತ್ರಕಾರರಿಂದ ಇಂದಿನ ಕಾದಂಬರಿಕಾರರವರೆಗೆ ಜನರಿದ್ದಾರೆ. ಅವನೊಡನೆ ಅದೇ ಹಡಗಿನಲ್ಲಿದ್ದ ಇತರ ಶಿಶುಗಳಿಗೆ ಮ್ಯಾಲರಿಯಲ್ಲಿ ಹೆಸರುಗಳೂ ಇಲ್ಲ. ಖಳನ ದೃಷ್ಟಿಯ ಕಥನವು ನಮ್ಮ ದೃಷ್ಟಿಯನ್ನು ಆ ಹಡಗಿನವರೆಗೆ ಕೊಂಡೊಯ್ದರೆ ಅದು ಸಾರ್ಥಕ. ಸಿಂಹಾಸನದ ಹಕ್ಕುದಾರನನ್ನು ಬದಲಿಸಿ ಅಲ್ಲಿಗೇ ನಿಂತರೆ ಅದು ಹಳೆಯ ರಾಜಕಥೆಯ ಮುಂದುವರಿಕೆಯೇ ಸರಿ.