ನಗುವವರ ಮುಂದೆ

ನಮ್ಮ ಮನೆಗೆ ನೆಂಟರು ಬಂದರೆ ಕಾಫಿಯ ಜೊತೆಗೆ ಚಕ್ಕುಲಿ, ಕೋಡುಬಳೆ ಇದ್ದರೂ ಇಲ್ಲದಿದ್ದರೂ ನನ್ನ ‘ರಿಸಿಪ್ಟ್’ ಮಾತ್ರ ಇದ್ದೇ ಇರುತ್ತಿತ್ತು. ಒಮ್ಮೆ ಬಟ್ಟೆ ಅಂಗಡಿಯಲ್ಲಿ ನಾನು ‘ರಿಸಿಪ್ಟ್ ಪ್ಲೀಸ್’ ಎಂದದ್ದನ್ನು ಕಾನ್ವೆಂಟಿಗೆ ಹೋಗುತ್ತಿದ್ದ ಮಗಳು ಮನೆಗೆ ಬಂದು ಎಲ್ಲರಿಗೂ ಹೇಳಿದಳು. ಅದು ‘ರಿಸೀಟ್’ ಅಂತೆ. ನಡುವಿನ ‘ಪಿ’ ಬಾಯಿ ಮುಚ್ಚಿಕೊಂಡಿರಬೇಕಂತೆ. ಮಗಳು ನಕ್ಕಳು, ಮಗ ನಕ್ಕ, ಯಜಮಾನರು ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡು ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಆದರೆ ಆ ದಿನದಿಂದ ‘ಪಿ’ಯ ಜೊತೆಗೆ ನಾನೂ ಬಾಯಿ ಮುಚ್ಚಿಕೊಂಡೆ.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ಹಲವು ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಬ್ಯಾಂಕಿಗೆ ಯಜಮಾನರು ಹೋಗುತ್ತಿದ್ದರು, ಶಾಲೆಯ ಮೀಟಿಂಗಿಗೂ ಅವರೇ. ಫೋನಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿದರೆ ನಾನು ಮಕ್ಕಳ ಕೈಗೆ ಕೊಟ್ಟುಬಿಡುತ್ತಿದ್ದೆ. ಬಿ.ಎ. ಓದಿದ ಹೆಂಗಸು, ಇಂಗ್ಲಿಷ್ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು, ಬಾಯಿ ಬಿಡಬೇಕಾದ ಕಡೆ ಮಾತ್ರ ಮೂಗಿ.

ನಷ್ಟ ಏನೆಂದು ಗೊತ್ತಾದದ್ದು ಅಮ್ಮನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ. ಬೆಳಗಿನ ರೌಂಡಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಕನ್ನಡ ಬಾರದು. ಚೀಟಿಯಲ್ಲಿ ಔಷಧಿಯ ಹೆಸರು ಬರೆದರು. ನಾನು ಓದಿದೆ. ಅದು ಅಮ್ಮನಿಗೆ ಒಗ್ಗದ ಔಷಧಿ, ಹಿಂದೊಮ್ಮೆ ಮೈಯೆಲ್ಲ ದದ್ದು ಎದ್ದಿತ್ತು. ಹೇಳಬೇಕಾದ ಶಬ್ದ ನನಗೆ ಗೊತ್ತಿತ್ತು. ಆದರೆ ಅದು ‘ಅಲರ್ಜಿ’ಯೋ, ‘ಆ್ಯಲರ್ಜಿ’ಯೋ, ‘ಎಲರ್ಜಿ’ಯೋ? ಡಾಕ್ಟರ ಜೊತೆಗೆ ನಾಲ್ಕು ಜನ ಹುಡುಗ ಹುಡುಗಿಯರು ನಿಂತಿದ್ದರು. ನಕ್ಕರೆ? ನಾನು ಶಬ್ದಗಳನ್ನು ನಾಲಿಗೆಯ ಮೇಲೆ ಹೊರಳಿಸುತ್ತಿರುವಾಗಲೇ ಅವರೆಲ್ಲ ಮುಂದಿನ ಮಂಚಕ್ಕೆ ಹೋಗಿದ್ದರು. ಸಂಜೆ ಅಮ್ಮನ ಮೈ ಕೆಂಪಗೆ ಊದಿಕೊಂಡಿತು. ದೇವರ ದಯೆ, ರಾತ್ರಿಯ ನರ್ಸ್ ಬೇಗ ಗಮನಿಸಿದಳು, ಅಮ್ಮ ಉಳಿದಳು. ಈಗ ಯೋಚಿಸಿದರೆ, ಆ ಮೂರರಲ್ಲಿ ಯಾವುದನ್ನು ಹೇಳಿದ್ದರೂ ಆ ಡಾಕ್ಟರಿಗೆ ಅರ್ಥವಾಗುತ್ತಿತ್ತು. ನಾನು ಅಂಜಿದ್ದು ಅರ್ಥವಾಗದೆ ಹೋದೀತೆಂದಲ್ಲ, ನಕ್ಕಾರೆಂದು.

ಆದ್ದರಿಂದ ‘ತಮಾಷೆಗೆ ನಕ್ಕರೆ ಏನಾಯಿತು’ ಎನ್ನುವವರಿಗೆ ನನ್ನ ಉತ್ತರ ಇದು: ನಿಮ್ಮ ತಮಾಷೆಗೆ ನನ್ನ ಅಮ್ಮ ಬೆಲೆ ಕೊಡಬೇಕಾಯಿತು. ನಗುವುದು ತಿದ್ದುವುದಲ್ಲ. ನಕ್ಕವರು ತಾವು ತಿದ್ದಿದೆವು ಎಂದುಕೊಳ್ಳುತ್ತಾರೆ. ನಗಿಸಿಕೊಂಡವರು ಕಲಿಯುವುದು ಒಂದೇ ಪಾಠ, ಇನ್ನು ಮೇಲೆ ಮಾತಾಡಬಾರದು ಎಂದು. ‘ನಗುವವರ ಮುಂದೆ ಎಡವಿ ಬಿದ್ದ ಹಾಗೆ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಿದ್ದ ಪೆಟ್ಟು ಮಾಯುತ್ತದೆ, ನಗುವಿನ ಪೆಟ್ಟು ಮಾಯುವುದಿಲ್ಲ.

ಅಷ್ಟಕ್ಕೂ ನಗುವವರು ಯಾರು? ಇದೇ ಮಗಳು ಎರಡು ವರ್ಷದವಳಿದ್ದಾಗ ರೊಟ್ಟಿಗೆ ‘ಲೊತ್ತಿ’ ಅನ್ನುತ್ತಿದ್ದಳು. ಸಾವಿರ ಸಲ ‘ರೊಟ್ಟಿ, ಪುಟ್ಟಾ, ರೊಟ್ಟಿ’ ಎಂದು ಹೇಳಿಕೊಟ್ಟವಳು ನಾನು. ಮುದ್ದು ಬಂದು ನಕ್ಕಿರಬಹುದು, ಆದರೆ ನೆಂಟರ ಮುಂದೆ ಅವಮಾನ ಮಾಡಲಿಲ್ಲ. ಲೋಕದ ಎಲ್ಲ ಮಕ್ಕಳೂ ಮಾತು ಕಲಿಯುವುದು ಹೀಗೆ ತಪ್ಪುತ್ತ ತಪ್ಪುತ್ತಲೇ. ಮಗುವಿಗೆ ಸಾವಿರ ಸಲ ಕೊಟ್ಟ ತಾಳ್ಮೆಯನ್ನು ಆ ಮಗು ತಾಯಿಗೆ ಹತ್ತು ಸಲ ಕೊಡಬಾರದೇ? ಅದು ಹೋಗಲಿ, ಹೊರಗಿನವರು ನಮ್ಮ ಊರಿಗೆ ಬಂದು ‘ಬಾಲೆಹನ್ನು ಬೇಕು’ ಎಂದರೆ ನಾವು ಏನನ್ನುತ್ತೇವೆ? ‘ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!’ ಎಂದು ಕೊಂಡಾಡುತ್ತೇವೆ. ಪರರಿಗೆ ಈ ಧಾರಾಳ, ಮನೆಯ ಹೆಂಗಸಿಗೆ ಮಾತ್ರ ನಗು.

ಇನ್ನು ತಪ್ಪು ಯಾರದು ಎಂದೂ ನೋಡೋಣ. ನಮ್ಮ ಕನ್ನಡದಲ್ಲಿ ಬರೆದದ್ದನ್ನು ಓದುತ್ತೇವೆ, ಓದಿದ್ದನ್ನು ಬರೆಯುತ್ತೇವೆ. ‘ರಿಸೀಟ್’ ಶಬ್ದದೊಳಗಿನ ‘ಪಿ’, ‘ಡೌಟ್’ ಮತ್ತು ‘ಡೆಟ್’ಗಳೊಳಗಿನ ‘ಬಿ’ ಇವೆಲ್ಲ ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಇಂಗ್ಲಿಷ್ ಪಂಡಿತರು ನಡುವೆ ತುರುಕಿದ ಅಕ್ಷರಗಳು. ಜನರ ನಾಲಿಗೆ ಅವನ್ನು ಒಪ್ಪಲಿಲ್ಲ, ಕಾಗದದ ಮೇಲೆ ಮಾತ್ರ ಉಳಿದವು. ಪಂಡಿತರ ಆ ಒಣ ಪ್ರತಿಷ್ಠೆಗೆ ಬಟ್ಟೆ ಅಂಗಡಿಯಲ್ಲಿ ನಾನು ತಲೆ ತಗ್ಗಿಸಬೇಕೇ? ಇಂಗ್ಲಿಷನ್ನು ಕಿವಿಯಿಂದಲ್ಲ, ಪುಸ್ತಕದಿಂದ ಕಲಿತವರೆಲ್ಲ ಹೀಗೆ ಎಡವುವವರೇ.

ಹಾಗೆಂದು ನಮ್ಮ ಉಚ್ಚಾರ ಇದ್ದಂತೆಯೇ ಇರಲಿ, ಯಾರೂ ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಜಗಳ ಅದಕ್ಕೆ ತದ್ವಿರುದ್ಧ. ತಿದ್ದುವವರು ನಮಗೆ ಬೇಕೇ ಬೇಕು. ಯಾಕೆಂದರೆ ನಮ್ಮ ತಪ್ಪು ನಮ್ಮ ಕಿವಿಗೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ವಿ’ ಮತ್ತು ‘ಡಬ್ಲ್ಯೂ’ ಎರಡು ಬೇರೆ ಸದ್ದು. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ಎರಡೂ ತುಟಿ ಗುಂಡಗಾಗಬೇಕು. ನಮಗಿರುವುದು ಒಂದೇ ‘ವ’. ನಾವು ಎರಡನ್ನೂ ಅದೇ ಚೀಲಕ್ಕೆ ತುಂಬುತ್ತೇವೆ. ‘ಎಗ್’ ಎನ್ನಲು ಹೋಗಿ ‘ಯೆಗ್’ ಎಂದರೂ ನಮಗೆ ‘ಎಗ್’ ಎಂದೇ ಕೇಳುತ್ತದೆ. ಬೆನ್ನಿನ ಮೇಲಿನ ಕುಂಕುಮದ ಕಲೆಯನ್ನು ನಾವೇ ನೋಡಿಕೊಳ್ಳಲಾಗುವುದೇ? ಇನ್ನೊಬ್ಬರು ಹೇಳಬೇಕು. ಈಗ ಫೋನಿನೊಳಗಿನ ಯಂತ್ರಗಳೂ ಉಚ್ಚಾರಕ್ಕೆ ಅಂಕ ಕೊಡುತ್ತವೆ. ಅವು ನಗುವುದಿಲ್ಲ ನಿಜ. ಆದರೆ ‘ಎಲ್ಲ ಅರ್ಥವಾಯಿತು ಕಣ್ರೀ, ಈ ಒಂದು ಶಬ್ದ ಮಾತ್ರ ತಿಳಿಯಲಿಲ್ಲ’ ಎಂದು ಮುಖ ನೋಡಿ ಹೇಳಲು ಮನುಷ್ಯರೇ ಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ನಾಚಿಕೆ ಬಿಟ್ಟು ಎದುರು ಮನೆಯ ನಿವೃತ್ತ ಟೀಚರಮ್ಮನ ಬಳಿ ಹೋದೆ. ಇನ್ನಿಬ್ಬರು ಗೆಳತಿಯರೂ ಸೇರಿಕೊಂಡರು. ಗುರುವಾರ ಮಧ್ಯಾಹ್ನ, ಪಾತ್ರೆಯೆಲ್ಲ ತೊಳೆದಾದ ಮೇಲೆ ಒಂದು ಗಂಟೆ. ಒಬ್ಬರು ಪೇಪರಿನಿಂದ ಹತ್ತು ಸಾಲು ಓದುವುದು, ಆಮೇಲೆ ಅದರ ಬಗ್ಗೆ ಎರಡು ಮಾತು ಆಡುವುದು. ನಮ್ಮ ಕಟ್ಟಳೆ ನಾಲ್ಕೇ. ನಗಬಾರದು. ನಡುವೆ ಬಾಯಿ ಹಾಕಬಾರದು, ವಾಕ್ಯ ಮುಗಿಯಲಿ. ಒಂದು ದಿನಕ್ಕೆ ಒಬ್ಬರಿಗೆ ಎರಡೇ ತಪ್ಪು ಹೇಳಬೇಕು, ಇಪ್ಪತ್ತು ಹೇಳಿದರೆ ಒಂದೂ ನಿಲ್ಲುವುದಿಲ್ಲ. ‘ನಿಮ್ಮ ಉಚ್ಚಾರ ಸರಿಯಿಲ್ಲ’ ಎಂದು ಬಿಡುವುದಲ್ಲ, ಯಾವ ಶಬ್ದ, ನಾಲಿಗೆ ಎಲ್ಲಿಡಬೇಕು, ಒತ್ತು ಎಲ್ಲಿ ಎಂದು ತೋರಿಸಬೇಕು.

ಒತ್ತಿನ ಮಾತು ಮುಖ್ಯ. ಆರ್.ಕೆ. ಬನ್ಸಲ್ ಎಂಬ ವಿದ್ವಾಂಸರು ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಪರೀಕ್ಷಿಸಿದರು. ಅದು 1969ರಲ್ಲಿ ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಿಂದ ಪುಸ್ತಕವಾಗಿ ಬಂತು. ಅರ್ಥ ಕೆಡಲು ಅವರು ಕಂಡ ದೊಡ್ಡ ಕಾರಣಗಳಲ್ಲೊಂದು, ಒತ್ತು ತಪ್ಪಿದ ಜಾಗದಲ್ಲಿ ಬೀಳುವುದು. ನನ್ನನ್ನು ಕಾಡಿದ ಶಬ್ದವನ್ನೇ ನೋಡಿ. ‘ಆ್ಯಲರ್ಜಿ’ಯಲ್ಲಿ ಒತ್ತು ಮೊದಲಿಗೆ, ‘ಅಲರ್ಜಿಕ್’ ಎಂದಾಗ ನಡುವಿಗೆ. ಟೀಚರಮ್ಮ ಮೇಜು ತಟ್ಟಿ ತೋರಿಸಿದರು. ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ಮನೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಇಂಗ್ಲೆಂಡಿನವರಂತೆ, ಅಮೆರಿಕದವರಂತೆ ಮೂಗಿನಲ್ಲಿ ಮಾತಾಡುವುದನ್ನು ಮಾತ್ರ ನಾವು ಕಲಿಯಲಿಲ್ಲ. ಬೇಕಾಗಿಯೂ ಇಲ್ಲ. ಕೆನಡಾದಲ್ಲಿ ಮನ್ರೊ ಮತ್ತು ಡರ್ವಿಂಗ್ ಎಂಬಿಬ್ಬರು 1995ರಲ್ಲೇ ತೋರಿಸಿಕೊಟ್ಟಿದ್ದಾರೆ, ಪರದೇಶದ ಧಾಟಿ ದಟ್ಟವಾಗಿದ್ದ ಮಾತು ಕೂಡ ಕೇಳುವವರಿಗೆ ಪೂರ್ತಿ ಅರ್ಥವಾಗಬಲ್ಲದು ಎಂದು. ನನ್ನ ಇಂಗ್ಲಿಷಿನಲ್ಲಿ ನನ್ನ ಊರು ಕೇಳಿಸಲಿ. ನನ್ನ ಮಾತು ತಿಳಿದರೆ ಸಾಕು.

ಆದ್ದರಿಂದ ತಾಯಂದಿರೇ, ತಿದ್ದಿ ಎಂದು ಕೇಳಲು ನಾಚಬೇಡಿ, ಆದರೆ ಯಾರನ್ನು ಕೇಳುತ್ತೀರಿ ಎಂದು ನೋಡಿ ಕೇಳಿ. ಮನೆಯಲ್ಲಿ ನಕ್ಕರೆ ನೀವೂ ಜೊತೆಗೆ ನಕ್ಕು ಸುಮ್ಮನಾಗಬೇಡಿ, ನಾನು ಮಾಡಿದ ತಪ್ಪು ಅದು. ‘ಸರಿ, ಹೇಗನ್ನಬೇಕು ಹೇಳಿಕೊಡು, ಮೂರು ಸಲ ಹೇಳಿಸು’ ಎಂದು ಅವರನ್ನು ಎದುರಿಗೆ ಕೂರಿಸಿಕೊಳ್ಳಿ. ಹೇಳಿಕೊಡುವ ತಾಳ್ಮೆ ಇಲ್ಲದವರಿಗೆ ನಗುವ ಹಕ್ಕೂ ಇಲ್ಲ. ಹೋದ ತಿಂಗಳು ಅಮ್ಮನನ್ನು ಮತ್ತೆ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಅವರು ಪೆನ್ನು ತೆಗೆಯುವ ಮೊದಲೇ ನಾನು ಹೇಳಿದೆ. ಒತ್ತು ಸರಿಯಾಗಿ ಬಿತ್ತೋ ಇಲ್ಲವೋ ಗೊತ್ತಿಲ್ಲ. ಅವರು ತಲೆಯಾಡಿಸಿ ಬೇರೆ ಔಷಧಿ ಬರೆದರು.